ಹಡಗಿನ ಕಣ್ಣಿಗೆ ಬೋಟು ಬೀಳಬೇಕಾದರೆ

ಕಡಲಲ್ಲಿ ಸಾಗುವ ಹಡಗು ತನ್ನ ಗುರುತು, ತಾನಿರುವ ಜಾಗ, ವೇಗ, ಹೋಗುತ್ತಿರುವ ದಿಕ್ಕು ಇಷ್ಟನ್ನೂ ಯಾರೂ ಕೇಳದೆಯೇ ರೇಡಿಯೊ ಮೂಲಕ ಸಾರುತ್ತ ಹೋಗುವ ವ್ಯವಸ್ಥೆಗೆ ಎಐಎಸ್ ಎಂದು ಹೆಸರು. ಸುತ್ತಮುತ್ತಲಿನ ಹಡಗುಗಳೂ ಹಾಗೆಯೇ ಸಾರುವುದರಿಂದ, ಅದನ್ನು ಕೇಳಿಸಿಕೊಳ್ಳುವ ಪೆಟ್ಟಿಗೆಯೊಂದಿದ್ದರೆ ಕತ್ತಲಲ್ಲೂ ಮಳೆಯಲ್ಲೂ ಯಾವ ಹಡಗು ಎಲ್ಲಿದೆ, ಯಾವ ಕಡೆ ಬರುತ್ತಿದೆ ಎಂಬುದು ಪರದೆಯ ಮೇಲೆ ಮೂಡುತ್ತದೆ. ಸಾಗರಯಾನ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ 2002ರಿಂದ 2004ರ ಕೊನೆಯೊಳಗೆ ಹಂತಹಂತವಾಗಿ ಇದನ್ನು ಕಡ್ಡಾಯ ಮಾಡಿತು. ವಿದೇಶ ಯಾನ ಮಾಡುವ 300 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳು, ಎಲ್ಲ ಪ್ರಯಾಣಿಕ ಹಡಗುಗಳು ಇದರ ವ್ಯಾಪ್ತಿಗೆ ಬಂದವು. ಮೀನುಗಾರಿಕೆ ಬೋಟುಗಳು ಆ ಪಟ್ಟಿಯಲ್ಲಿರಲಿಲ್ಲ. ಭಾರತದಲ್ಲಿ 2008ರ ಮುಂಬೈ ದಾಳಿಯ ನಂತರ ಚಿತ್ರ ಬದಲಾಯಿತು. ದಾಳಿಕೋರರು ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ ಮುಂಬೈ ಕಡೆಗೆ ಬಂದಿದ್ದರು. ಆಮೇಲೆ 20 ಮೀಟರಿಗಿಂತ ಉದ್ದದ ಮೀನುಗಾರಿಕೆ ಬೋಟುಗಳಿಗೂ ಎಐಎಸ್ ಬೇಕೆಂಬ ನಿಯಮ ಬಂತು. ಅದಕ್ಕಿಂತ ಚಿಕ್ಕವು ಹೊರಗುಳಿದವು. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರದ ಧಕ್ಕೆಗಳಲ್ಲಿ ಸಾಲುಗಟ್ಟಿ ನಿಲ್ಲುವ ಬೋಟುಗಳಲ್ಲಿ ಆ ಅಳತೆಯೊಳಗಿನವೇ ಬಹಳ.

ಕಡ್ಡಾಯವಲ್ಲ ಎಂದ ಮಾತ್ರಕ್ಕೆ ಬೇಡ ಎಂದಾಗುವುದಿಲ್ಲ. ಆಳಸಮುದ್ರಕ್ಕೆ ಹೋಗುವ ಬೋಟುಗಳು ಬಲೆ ಎಳೆಯುವ ಜಾಗ ಎಷ್ಟೋ ಸಲ ಹಡಗುಗಳ ದಾರಿಯಲ್ಲೇ ಇರುತ್ತದೆ. 2021ರ ಏಪ್ರಿಲ್ 13ರ ನಸುಕಿನಲ್ಲಿ, ಮಂಗಳೂರಿನಿಂದ 40 ನಾಟಿಕಲ್ ಮೈಲಿಗೂ ಆಚೆ, ಕೇರಳದ ಬೇಪೂರಿನಿಂದ ಹೊರಟಿದ್ದ ಬೋಟಿಗೂ ಸಿಂಗಪುರದ ಧ್ವಜದ ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಜೀವಂತವಾಗಿ ಸಿಕ್ಕವರು ಇಬ್ಬರು ಮಾತ್ರ. ಇಂಥ ಡಿಕ್ಕಿಗೆ ಕಾರಣ ಒಂದೇ ಆಗಿರುವುದಿಲ್ಲ, ಯಾವ ಉಪಕರಣವೂ ಅದನ್ನು ತಪ್ಪಿಸಿಯೇ ತೀರುತ್ತಿತ್ತು ಎನ್ನಲಾಗದು. ಆದರೆ ಒಂದು ಸಂಗತಿ ಸ್ಪಷ್ಟ. ಮರದ ಅಥವಾ ಫೈಬರಿನ ಬೋಟು ರೇಡಾರಿನಲ್ಲಿ ಮಸುಕಾಗಿ ಕಾಣುತ್ತದೆ, ಅಲೆ ಎದ್ದಾಗ ಅಲೆಗಳ ಪ್ರತಿಫಲನದಲ್ಲೇ ಕಳೆದುಹೋಗುತ್ತದೆ. ಎಐಎಸ್ ಹಾಕಿದ ಅದೇ ಬೋಟು ಹಡಗಿನ ಪರದೆಯಲ್ಲಿ ಹೆಸರು ಸಮೇತ ಒಂದು ತ್ರಿಕೋನವಾಗಿ ನಿಲ್ಲುತ್ತದೆ.

ಅಗ್ಗದ ಉಪಕರಣ ಹುಡುಕುವವರಿಗೆ ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಬರೀ ಕೇಳುವ ಪೆಟ್ಟಿಗೆ, ಅಂದರೆ ರಿಸೀವರ್. ಇನ್ನೊಂದು ಕೇಳುವುದರ ಜೊತೆಗೆ ತನ್ನ ಇರವನ್ನೂ ಸಾರುವ ಟ್ರಾನ್ಸ್‌ಪಾಂಡರ್. ವಿದೇಶಿ ಮಾರುಕಟ್ಟೆಯಲ್ಲಿ ರಿಸೀವರ್ 100–200 ಡಾಲರಿಗೆ ಸಿಗುತ್ತದೆ. ಸಣ್ಣ ಬೋಟುಗಳಿಗೆಂದೇ ಇರುವ ‘ಕ್ಲಾಸ್ ಬಿ’ ಟ್ರಾನ್ಸ್‌ಪಾಂಡರಿನ ಬೆಲೆ ಸುಮಾರು 500 ಡಾಲರಿನ ಆಚೀಚೆ. ಬೆಲೆ ನೋಡಿ ರಿಸೀವರಿಗೆ ಮನಸೋಲುವುದು ಸಹಜ. ಯುರೋಪಿನ ಹವ್ಯಾಸಿ ಹಾಯಿದೋಣಿಗಳಿಗೆ ಅದು ಸಾಕಾಗಲೂಬಹುದು, ಏಕೆಂದರೆ ಹಡಗು ಕಂಡೊಡನೆ ಅವು ಪಕ್ಕಕ್ಕೆ ತಿರುಗಬಲ್ಲವು. ಟ್ರಾಲ್ ಬೋಟಿನ ಸ್ಥಿತಿ ಬೇರೆ. ಅದರ ಹಿಂದೆ ನೂರಾರು ಮೀಟರ್ ರೋಪು, ಅದರ ತುದಿಗೆ ಬಲೆ, ವೇಗ ಮೂರು ನಾಟ್ ಆಸುಪಾಸು. ಬಲೆ ಎತ್ತದೆ ಥಟ್ಟನೆ ತಿರುಗುವಂತಿಲ್ಲ. ಹಡಗನ್ನು ತಾನು ನೋಡುವುದರ ಜೊತೆಗೆ ಹಡಗು ತನ್ನನ್ನು ನೋಡಲೇಬೇಕಾದ ಸ್ಥಿತಿ ಅದರದು. ಆದ್ದರಿಂದ ಕರಾವಳಿಯ ಬೋಟಿಗೆ ದುಡ್ಡು ಹಾಕುವುದಾದರೆ ಟ್ರಾನ್ಸ್‌ಪಾಂಡರಿಗೇ ಹಾಕಬೇಕು. ರಿಸೀವರಿನಲ್ಲಿ ಉಳಿಸಿದ ಹಣ ತಪ್ಪು ಜಾಗದಲ್ಲಿ ಉಳಿಸಿದ ಹಣ.

ಈ ಪೆಟ್ಟಿಗೆಗಳು ಒಂದರ ಮಾತನ್ನೊಂದು ಕೆಡಿಸದೆ ಹೇಗೆ ಮಾತಾಡುತ್ತವೆ ಎಂಬುದನ್ನು ತಿಳಿದರೆ ಯಾವುದನ್ನು ಕೊಳ್ಳಬೇಕೆಂಬ ಗೊಂದಲ ಅರ್ಧ ಬಗೆಹರಿಯುತ್ತದೆ. ಎಐಎಸ್‌ಗೆ ಮೀಸಲಾದ ವಿಎಚ್‌ಎಫ್ ಚಾನೆಲ್‌ಗಳು ಎರಡು: 161.975 ಮತ್ತು 162.025 ಮೆಗಾಹರ್ಟ್ಸ್. ಒಂದೊಂದರಲ್ಲೂ ಒಂದು ನಿಮಿಷವನ್ನು 2,250 ತುಣುಕುಗಳಾಗಿ ಹಂಚಲಾಗಿದೆ. ದೊಡ್ಡ ಹಡಗುಗಳ ‘ಕ್ಲಾಸ್ ಎ’ ಯಂತ್ರ ತನ್ನ ಮುಂದಿನ ತುಣುಕನ್ನು ಮೊದಲೇ ಕಾದಿರಿಸುತ್ತದೆ, 12.5 ವ್ಯಾಟ್ ಶಕ್ತಿಯಲ್ಲಿ, ಸಾಗುತ್ತಿರುವಾಗ 2ರಿಂದ 10 ಸೆಕೆಂಡಿಗೊಮ್ಮೆ ಸಾರುತ್ತದೆ. ಸಣ್ಣ ಬೋಟಿನ ಕ್ಲಾಸ್ ಬಿಯಲ್ಲಿ ಮತ್ತೆ ಎರಡು ಜಾತಿ. ಹಳೆಯ, ಅಗ್ಗದ ಜಾತಿಯದು 2 ವ್ಯಾಟಿನದು. ಜಗಲಿಯಲ್ಲಿ ಹಿರಿಯರ ಮಾತಿನ ನಡುವೆ ಬಿಡುವು ಸಿಕ್ಕಾಗ ಬಾಯಿ ತೆರೆಯುವ ಕಿರಿಯನಂತೆ, ಖಾಲಿ ತುಣುಕು ಕಂಡರೆ ಮಾತ್ರ ಅದು ಸಾರುತ್ತದೆ, ಇಲ್ಲದಿದ್ದರೆ ಕಾಯುತ್ತದೆ. ಹೊಸ ಜಾತಿಯದು 5 ವ್ಯಾಟಿನದು, ಕ್ಲಾಸ್ ಎಯಂತೆಯೇ ಜಾಗ ಕಾದಿರಿಸುತ್ತದೆ. ಹೊಸದು ಹೆಚ್ಚು ಸಲ ಸಾರುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದು ನಿಜ, ಆದರೆ 14 ನಾಟ್ ದಾಟಿ ಓಡುವ ದೋಣಿಗಳ ಮಟ್ಟಿಗೆ. ಅದಕ್ಕಿಂತ ನಿಧಾನ ಸಾಗುವ ಟ್ರಾಲ್ ಬೋಟಿನಲ್ಲಿ ಎರಡೂ 30 ಸೆಕೆಂಡಿಗೊಮ್ಮೆಯೇ ಸಾರುವುದು. 2 ನಾಟಿಗಿಂತ ಇಳಿದರೆ ಎರಡೂ ಮೂರು ನಿಮಿಷಕ್ಕೊಮ್ಮೆ. ನಿಧಾನದ ಬೋಟಿಗೆ ಹೊಸ ಜಾತಿಯಿಂದ ಸಿಗುವ ನಿಜವಾದ ಲಾಭ ಹೆಚ್ಚಿನ ಶಕ್ತಿ ಮತ್ತು ದಟ್ಟಣೆಯಲ್ಲೂ ತಪ್ಪದ ಸರದಿ. ನೂರಾರು ಬೋಟು ಒಂದೇ ಕಡೆ ಬಲೆ ಬಿಡುವ ಜಾಗಗಳಲ್ಲಿ ಇದು ಸಣ್ಣ ಲಾಭವಲ್ಲ.

ಇಷ್ಟಾದರೂ ಪೆಟ್ಟಿಗೆಯ ಜಾತಿಗಿಂತ ಹೆಚ್ಚು ವ್ಯತ್ಯಾಸ ಮಾಡುವುದು ಆಂಟೆನಾ. ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುವುದರಿಂದ ಭೂಮಿಯ ಬಾಗು ಅವುಗಳಿಗೆ ಅಡ್ಡ ಬರುತ್ತದೆ. ಎರಡು ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಒಂದೊಂದರ ವರ್ಗಮೂಲ ತೆಗೆದು ಕೂಡಿಸಿ, 2.2ರಿಂದ ಗುಣಿಸಿದರೆ ಅವುಗಳ ನಡುವಿನ ವ್ಯಾಪ್ತಿ ನಾಟಿಕಲ್ ಮೈಲಿನಲ್ಲಿ ಸಿಗುತ್ತದೆ. ಬೋಟಿನ ಆಂಟೆನಾ ನೀರಿನಿಂದ 4 ಮೀಟರ್, ಹಡಗಿನದು 36 ಮೀಟರ್ ಎತ್ತರದಲ್ಲಿದ್ದರೆ 17 ಮೈಲು ದಾಟುತ್ತದೆ. ಎರಡೂ 4 ಮೀಟರ್ ಎತ್ತರದ ಬೋಟುಗಳಾದರೆ 9 ಮೈಲಿನೊಳಗೇ ಮುಗಿಯುತ್ತದೆ. ಕ್ಯಾಬಿನ್ನಿನ ಚಾವಣಿಗೆ ಕಟ್ಟಿದ ಆಂಟೆನಾವನ್ನು ಕಂಬದ ತುದಿಗೆ, 9 ಮೀಟರಿಗೆ ಏರಿಸಿದರೆ ಬೋಟಿನ ಪಾಲಿನ ವ್ಯಾಪ್ತಿ ಒಂದೂವರೆ ಪಟ್ಟಾಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಕೆಲಸ ಈ ಇಡೀ ಜೋಡಣೆಯಲ್ಲಿ ಇನ್ನೊಂದಿಲ್ಲ.

ಎತ್ತರಕ್ಕೆ ಏರಿಸಿದಷ್ಟೂ ಕೇಬಲ್ ಉದ್ದವಾಗುತ್ತದೆ, ಶಕ್ತಿ ಅದರಲ್ಲೂ ಸೋರುತ್ತದೆ. ಸಾಮಾನ್ಯವಾಗಿ ಸಿಗುವ ತೆಳ್ಳನೆಯ ಆರ್‌ಜಿ-58 ಕೇಬಲ್ಲಿನ 10 ಮೀಟರ್ ಎಳೆದರೆ 2 ವ್ಯಾಟಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಆಂಟೆನಾ ತಲುಪುವ ಮೊದಲೇ ಹೋಗಿರುತ್ತದೆ. ದಪ್ಪನೆಯ ಆರ್‌ಜಿ-213ರಲ್ಲಿ ಈ ನಷ್ಟ ಐದನೇ ಒಂದರ ಆಸುಪಾಸು. ಕೇಬಲ್ ತುದಿಯ ಕನೆಕ್ಟರನ್ನು ಬೆಸುಗೆ ಹಾಕಿ, ಮೇಲೆ ಸ್ವಯಂ ಅಂಟುವ ರಬ್ಬರ್ ಟೇಪನ್ನು ಎಳೆದು ಸುತ್ತಬೇಕು. ಉಪ್ಪುನೀರು ಒಳಗಿನ ತಾಮ್ರದ ಜಾಲರಿಗೆ ಹೊಕ್ಕರೆ ಜಾಲರಿ ಕಪ್ಪಾಗಿ, ಹಸಿರು ಕಿಲುಬು ಹಿಡಿದು, ಒಂದೇ ಮಳೆಗಾಲದಲ್ಲಿ ಕೇಬಲ್ ಕೆಲಸಕ್ಕೆ ಬಾರದಂತಾಗುತ್ತದೆ. ಹೊರಗಿನಿಂದ ನೋಡಿದರೆ ಅದು ಹೊಸದರ ಹಾಗೇ ಇರುತ್ತದೆ.

ವೈರ್‌ಲೆಸ್ ಸೆಟ್ಟಿಗೆ ಈಗಾಗಲೇ ಆಂಟೆನಾ ಇದೆಯಲ್ಲ, ಅದನ್ನೇ ಹಂಚಿಕೊಂಡರಾಗದೇ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಂಚಬಹುದು, ಆದರೆ ಅದಕ್ಕೆಂದೇ ತಯಾರಾದ ಸ್ಪ್ಲಿಟರ್ ಇಟ್ಟು ಮಾತ್ರ. ಟಿವಿ ಕೇಬಲ್ಲಿಗೆ ಹಾಕುವ ಟಿ ಆಕಾರದ ಜೋಡಣೆ ಹಾಕಿದರೆ ವೈರ್‌ಲೆಸ್ಸಿನಲ್ಲಿ ಮಾತಾಡಲು ಗುಂಡಿ ಒತ್ತಿದೊಡನೆ ಅದರ 25 ವ್ಯಾಟ್ ನೇರ ಎಐಎಸ್ ಪೆಟ್ಟಿಗೆಯೊಳಗೆ ನುಗ್ಗಿ ಅದನ್ನು ಸುಟ್ಟುಹಾಕುತ್ತದೆ. ಸರಿಯಾದ ಸ್ಪ್ಲಿಟರಿನ ಬೆಲೆಗೆ ಇನ್ನೊಂದು ಆಂಟೆನಾವೇ ಬರುವುದರಿಂದ ಬೇರೆ ಆಂಟೆನಾ ಹಾಕುವುದೇ ಒಳ್ಳೆಯದು. ಒಂದು ಮುರಿದರೆ ಇನ್ನೊಂದು ಕೈಗೆ ಬರುತ್ತದೆ. ಎರಡರ ನಡುವೆ ಸಾಧ್ಯವಾದಷ್ಟು ಅಂತರ ಬಿಡಬೇಕು, ಎಐಎಸ್‌ಗೆ ಹಾಕುವ ಆಂಟೆನಾ 162 ಮೆಗಾಹರ್ಟ್ಸ್‌ಗೆ ಹೊಂದಿಸಿದ್ದಾಗಿರಬೇಕು.

ಕರೆಂಟಿನ ವಿಷಯದಲ್ಲಿ ತಲೆಬಿಸಿ ಕಡಿಮೆ. ಕ್ಲಾಸ್ ಬಿ ಎಳೆಯುವುದು ಸರಾಸರಿ ಕೆಲವೇ ವ್ಯಾಟ್, 12 ಮತ್ತು 24 ವೋಲ್ಟ್ ಎರಡಕ್ಕೂ ಹೊಂದುವ ಪೆಟ್ಟಿಗೆಗಳು ಸಾಕಷ್ಟಿವೆ. ಬ್ಯಾಟರಿಯಿಂದ ಪ್ರತ್ಯೇಕ ತಂತಿ ಎಳೆದು ಫ್ಯೂಸ್ ಹಾಕಿದರಾಯಿತು. ಜಿಪಿಎಸ್‌ನ ಪುಟ್ಟ ಆಂಟೆನಾಕ್ಕೆ ಮಾತ್ರ ಆಕಾಶ ಕಾಣುವ ಜಾಗ ಬೇಕು. ಕಬ್ಬಿಣದ ಬೋಟಿನ ಕ್ಯಾಬಿನ್ನಿನೊಳಗೆ ಅದಕ್ಕೆ ಉಪಗ್ರಹ ಸಿಗುವುದಿಲ್ಲ. ಇವೆಲ್ಲಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ತೊಂದರೆಯೆಂದರೆ ಎಲ್‌ಇಡಿ ದೀಪ. ಅಗ್ಗದ ಎಲ್‌ಇಡಿ ದೀಪಗಳೊಳಗಿನ ಸರ್ಕ್ಯೂಟು ವಿಎಚ್‌ಎಫ್ ಪಟ್ಟಿಯಲ್ಲೇ ಗದ್ದಲ ಎಬ್ಬಿಸುತ್ತದೆ. ಇದರಿಂದ ವೈರ್‌ಲೆಸ್ಸೂ ಎಐಎಸ್ಸೂ ಕಿವುಡಾಗುತ್ತವೆ ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಪರೀಕ್ಷೆ ಸುಲಭ. ದೀಪಗಳನ್ನೆಲ್ಲ ಆರಿಸಿ, ವೈರ್‌ಲೆಸ್ಸನ್ನು ಯಾರೂ ಮಾತಾಡದ ಚಾನೆಲ್ಲಿಗೆ ಹಾಕಿ, ಸ್ಕ್ವೆಲ್ಚ್ ಗುಂಡಿಯನ್ನು ಬುಸ್ ಶಬ್ದ ಆಗಷ್ಟೇ ನಿಲ್ಲುವವರೆಗೆ ತಿರುಗಿಸಬೇಕು. ಆಮೇಲೆ ಒಂದೊಂದೇ ದೀಪ ಹಚ್ಚುತ್ತ ಹೋದರೆ, ಯಾವ ದೀಪಕ್ಕೆ ಆ ಶಬ್ದ ಮರಳಿ ಬರುತ್ತದೋ ಆ ದೀಪವನ್ನು ಬದಲಿಸಬೇಕು.

ಇನ್ನು ಪೆಟ್ಟಿಗೆಯಲ್ಲಿ ಬಂದದ್ದನ್ನು ಪರದೆಗೆ ತಲುಪಿಸುವ ಕೆಲಸ. ಬೋಟಿನಲ್ಲಿ ಫಿಶ್ ಫೈಂಡರ್ ಜೊತೆಗೋ ಬೇರೆಯಾಗಿಯೋ ಕಡಲ ನಕ್ಷೆ ತೋರಿಸುವ ಪ್ಲಾಟರ್ ಸಾಮಾನ್ಯವಾಗಿ ಇರುತ್ತದೆ. ಅದರ ಹಿಂಬದಿಯಲ್ಲಿ ಎನ್‌ಎಂಇಎ 0183 ಎಂಬ ತಂತಿ ಜೋಡಣೆಗೆ ಅವಕಾಶವಿದ್ದು, ಪರದೆಯ ಮೆನುವಿನಲ್ಲಿ ಎಐಎಸ್ ಎಂಬ ಆಯ್ಕೆ ಕಂಡರೆ ಕೆಲಸ ಆಗುತ್ತದೆ. ಆ ಆಯ್ಕೆಯೇ ಇಲ್ಲದ ಹಳೆಯ ಪ್ಲಾಟರ್‌ಗಳೂ ಇವೆ, ಪೆಟ್ಟಿಗೆ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ತಂತಿ ಜೋಡಿಸಿದ ಮೇಲೂ ಒಂದು ಹಡಗೂ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಪೋರ್ಟಿನ ವೇಗ. ಜಿಪಿಎಸ್ ಮಾಹಿತಿ ಹರಿಯುವುದು 4,800ರಲ್ಲಿ, ಎಐಎಸ್ ಹರಿಯುವುದು 38,400ರಲ್ಲಿ. ಪ್ಲಾಟರಿನ ಪೋರ್ಟು ಹಳೆಯ ಅಂಕಿಯಲ್ಲೇ ಉಳಿದಿದ್ದರೆ ತಂತಿ, ಆಂಟೆನಾ, ಪೆಟ್ಟಿಗೆ ಎಲ್ಲ ಸರಿಯಿದ್ದೂ ಪರದೆ ಖಾಲಿಯಾಗಿರುತ್ತದೆ. ಕೆಟ್ಟಿದೆ ಎಂದು ಅಂಗಡಿಗೆ ಮರಳುವ ಪೆಟ್ಟಿಗೆಗಳ ನಿಜವಾದ ರೋಗ ಎಷ್ಟೋ ಸಲ ಇದೇ. ಇನ್ನೊಂದು ಅನುಮಾನವೂ ಸಾಮಾನ್ಯ: ತ್ರಿಕೋನ ಕಾಣುತ್ತದೆ, ಪಕ್ಕದಲ್ಲಿ ಒಂಬತ್ತು ಅಂಕಿಯ ಸಂಖ್ಯೆ ಮಾತ್ರ ಇದೆ, ಹೆಸರಿಲ್ಲ. ಹೆಸರು ಆರು ನಿಮಿಷಕ್ಕೊಮ್ಮೆ ಮಾತ್ರ ಬರುವುದರಿಂದ ಅಲ್ಲಿಯವರೆಗೆ ಕಾದರೆ ಅದೂ ಮೂಡುತ್ತದೆ.

ಪ್ಲಾಟರ್ ಇಲ್ಲದವರಿಗೆ ವೈಫೈ ಇರುವ ಪೆಟ್ಟಿಗೆ ಅನುಕೂಲ. ಬೋಟು ನಡೆಸುವ ತಾಂಡೇಲನ ಫೋನಿನಲ್ಲೋ ಟ್ಯಾಬಿನಲ್ಲೋ ಹಡಗುಗಳು ಕಾಣುತ್ತವೆ. ಲ್ಯಾಪ್‌ಟಾಪ್ ಒಯ್ಯುವವರಿಗೆ ಓಪನ್‌ಸಿಪಿಎನ್ ಎಂಬ ಉಚಿತ ತಂತ್ರಾಂಶವಿದೆ, ಎಐಎಸ್ ತೋರಿಸುವುದರಲ್ಲಿ ಅದು ದುಬಾರಿ ಪ್ಲಾಟರುಗಳಿಗೆ ಏನೂ ಕಡಿಮೆಯಿಲ್ಲ. ಇಂಟರ್ನೆಟ್ಟಿನಿಂದ ಹಡಗುಗಳನ್ನು ತೋರಿಸುವ ಉಚಿತ ಆ್ಯಪ್‌ಗಳನ್ನು ಮಾತ್ರ ಇದಕ್ಕೆ ಬದಲಿ ಎಂದುಕೊಳ್ಳಬಾರದು. ದಡದ ಗೋಪುರಗಳು ಹಿಡಿದು ಕಳಿಸಿದ್ದನ್ನು ಅವು ತಡವಾಗಿ ತೋರಿಸುತ್ತವೆ, ಮೊಬೈಲ್ ನೆಟ್‌ವರ್ಕ್ ಮುಗಿದಲ್ಲಿ ಅವೂ ಮುಗಿಯುತ್ತವೆ.

ರಾತ್ರಿ ಹೊತ್ತು ಚುಕ್ಕಾಣಿ ಹಿಡಿದವನಿಗೆ ಪರದೆಯ ಚಿತ್ರಕ್ಕಿಂತ ಉಪಕಾರ ಮಾಡುವುದು ಅಲಾರಂ. ಎರಡು ನೌಕೆಗಳು ಈಗಿನ ವೇಗ, ದಿಕ್ಕಿನಲ್ಲೇ ಸಾಗಿದರೆ ಎಷ್ಟು ಹತ್ತಿರಕ್ಕೆ ಬರುತ್ತವೆ, ಅದಕ್ಕೆ ಎಷ್ಟು ನಿಮಿಷ ಉಳಿದಿದೆ ಎಂಬ ಎರಡು ಅಂಕಿಗಳನ್ನು ಯಂತ್ರ ಸದಾ ಲೆಕ್ಕ ಹಾಕುತ್ತಿರುತ್ತದೆ. 15 ನಾಟ್ ವೇಗದ ಹಡಗು, ಎದುರಿನಿಂದ 3 ನಾಟಿನಲ್ಲಿ ಬಲೆ ಎಳೆಯುತ್ತಿರುವ ಬೋಟು: ನಡುವಿನ 6 ಮೈಲು ಕರಗಲು 20 ನಿಮಿಷ ಸಾಕು. ಬಲೆ ಎತ್ತಲು ಬೇಕಾದ ಸಮಯ ಎಷ್ಟೆಂಬುದು ಆಯಾ ತಾಂಡೇಲನಿಗೆ ಗೊತ್ತು. ಅಲಾರಮ್ಮಿನ ನಿಮಿಷವನ್ನು ಅದಕ್ಕಿಂತ ಹೆಚ್ಚಾಗಿಯೇ ಇಡಬೇಕು. ಒಂದು ಮೈಲಿಗಿಂತ ಹತ್ತಿರ, 20 ನಿಮಿಷಕ್ಕಿಂತ ಕಡಿಮೆ ಎಂಬುದು ಬಯಲು ಕಡಲಿಗೆ ಒಪ್ಪುವ ಆರಂಭ. ಬೋಟುಗಳ ಗುಂಪಿನ ನಡುವೆ ಅದನ್ನೇ ಇಟ್ಟರೆ ಅಲಾರಂ ಬಾಯಿ ಮುಚ್ಚುವುದೇ ಇಲ್ಲ. ಆಗ ಯಾರಾದರೂ ಅದನ್ನು ಪೂರ್ತಿ ಆರಿಸಿಬಿಡುತ್ತಾರೆ, ಅಪಾಯ ಇರುವುದು ಅಲ್ಲಿ. ಆರಿಸುವ ಬದಲು ಅಂಕಿ ಇಳಿಸಬೇಕು, ಅಥವಾ ನಿಧಾನ ಚಲಿಸುವ ನೌಕೆಗಳಿಗೆ ಅಲಾರಂ ಬೇಡ ಎಂಬ ಆಯ್ಕೆ ಹಾಕಬೇಕು.

ಹಡಗಿನ ಹೆಸರು ಪರದೆಯ ಮೇಲೆ ಸಿಗುವುದರಿಂದ ಇನ್ನೂ ಒಂದು ಉಪಯೋಗವಿದೆ. ಚಾನೆಲ್ 16ರಲ್ಲಿ ‘ಶಿಪ್, ಶಿಪ್’ ಎಂದು ಕೂಗಿದರೆ ಯಾವ ಹಡಗೂ ಅದು ತನಗೆಂದು ತಿಳಿಯದು. ಹೆಸರು ಹಿಡಿದು ಕರೆದು, ಮುಂದೆ ಬಲೆ ಎಳೆಯುವ ಬೋಟಿದೆ, ದಾರಿ ಬಿಡಿ ಎಂದರೆ ಉತ್ತರ ಬರುವ ಸಾಧ್ಯತೆ ಎಷ್ಟೋ ಹೆಚ್ಚು. ಅದಕ್ಕೆ ಬೇಕಾದ ನಾಲ್ಕೈದು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಸೆಟ್ಟಿನ ಪಕ್ಕ ಅಂಟಿಸಿದರೆ ಯಾವ ಕಲಾಸಿಯಾದರೂ ಓದಬಹುದು.

ಕಾಣಿಸಿಕೊಂಡೆವು ಎಂದಮಾತ್ರಕ್ಕೆ ಹಡಗಿನವರು ನೋಡಿದರು ಎಂದು ನಂಬುವಂತಿಲ್ಲ. ದಟ್ಟಣೆ ಇರುವಲ್ಲಿ ಕ್ಲಾಸ್ ಬಿ ಗುರುತುಗಳನ್ನು ಪರದೆಯಿಂದ ಮರೆಮಾಡುವ ಅವಕಾಶ ಹಡಗಿನವರಿಗಿದೆ. ಎಐಎಸ್ ಇಲ್ಲದ ನಾಡದೋಣಿ ಇವರ ಪರದೆಯಲ್ಲೂ ಕಾಣುವುದಿಲ್ಲ, ನೌಕಾಪಡೆಯ ಹಡಗು ಸಾರದೆಯೂ ಇರಬಹುದು. ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು ಕಣ್ಣು, ಕಿವಿ ಮತ್ತು ಲಭ್ಯವಿರುವ ಎಲ್ಲ ಸಾಧನಗಳಿಂದ ಕಾವಲಿರಬೇಕು ಎನ್ನುತ್ತದೆ. ಎಐಎಸ್ ಆ ಸಾಧನಗಳಲ್ಲಿ ಒಂದು ಅಷ್ಟೆ. ಅದೇ ನಿಯಮಗಳ ಪ್ರಕಾರ ಯಂತ್ರಚಾಲಿತ ಹಡಗು ಮೀನು ಹಿಡಿಯುತ್ತಿರುವ ಬೋಟಿಗೆ ದಾರಿ ಬಿಡಬೇಕು. ಆದರೆ ಬೋಟು ಮೀನು ಹಿಡಿಯುತ್ತಿದೆ ಎಂದು ರಾತ್ರಿ ತಿಳಿಯುವುದು ದೀಪದಿಂದ: ಟ್ರಾಲಿಂಗಿಗೆ ಬಿಳಿಯ ಮೇಲೆ ಹಸಿರು, ಬೇರೆ ಬಲೆಗಳಿಗೆ ಬಿಳಿಯ ಮೇಲೆ ಕೆಂಪು. ಆ ದೀಪಗಳಿಲ್ಲದೆ ಎಐಎಸ್ ಒಂದನ್ನೇ ಹಾಕಿದರೆ ಕೆಲಸ ಅರ್ಧಕ್ಕೆ ನಿಂತಂತೆ.

ಬಲೆಗೆ ಕಟ್ಟಿ ತೇಲಬಿಡುವ ಅಗ್ಗದ ಎಐಎಸ್ ಬೋಯ್‌ಗಳನ್ನು ಈ ಉಪಕರಣದ ಜಾಗಕ್ಕೆ ತರುವುದು ತಪ್ಪು. ಅವು ಹಡಗುಗಳದೇ ಚಾನೆಲ್ಲಿನಲ್ಲಿ, ಎಷ್ಟೋ ಸಲ ಮನಬಂದ ಗುರುತು ಸಂಖ್ಯೆಯಲ್ಲಿ ಸಾರಿ, ಇಲ್ಲದ ಬೋಟುಗಳನ್ನು ಪರದೆಯ ತುಂಬ ಮೂಡಿಸುತ್ತವೆ. ಇಂಥ ಬೋಯ್‌ಗಳಿಗೆಂದೇ 2019ರ ವಿಶ್ವ ರೇಡಿಯೊ ಸಮ್ಮೇಳನ 160.900 ಮೆಗಾಹರ್ಟ್ಸ್‌ನ ಬೇರೆ ಚಾನೆಲ್ ಗೊತ್ತುಮಾಡಿದೆ.

ಈಗ ಸರ್ಕಾರವೇ ಟ್ರಾನ್ಸ್‌ಪಾಂಡರ್ ಉಚಿತವಾಗಿ ಕೊಡುತ್ತಿರುವಾಗ ಎಐಎಸ್ ಏಕೆ ಬೇಕು ಎಂಬ ಪ್ರಶ್ನೆ ಬೋಟು ಮಾಲೀಕರದು. ಪ್ರಶ್ನೆ ನ್ಯಾಯವಾದದ್ದು, ಏಕೆಂದರೆ ಎರಡಕ್ಕೂ ಒಂದೇ ಹೆಸರು. ಆದರೆ ಕೆಲಸ ಬೇರೆ. ಮತ್ಸ್ಯ ಸಂಪದ ಯೋಜನೆಯಡಿ 364 ಕೋಟಿ ರೂಪಾಯಿಯಲ್ಲಿ ಒಂದು ಲಕ್ಷ ಬೋಟುಗಳಿಗೆ ಕೊಡುವ, 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಆ ಪೆಟ್ಟಿಗೆ ಇಸ್ರೊ ಅಭಿವೃದ್ಧಿಪಡಿಸಿದ್ದು. ಅದು ಉಪಗ್ರಹದ ಮೂಲಕ ದಡದ ಕೇಂದ್ರದೊಂದಿಗೆ ಮಾತಾಡುತ್ತದೆ. ಬೋಟು ಎಲ್ಲಿದೆ ಎಂದು ಕೇಂದ್ರಕ್ಕೆ ತಿಳಿಯುತ್ತದೆ. ಹವಾಮಾನ, ಮೀನಿನ ಜಾಗ, ಗಡಿಯ ಎಚ್ಚರಿಕೆ ಬ್ಲೂಟೂತ್ ಮೂಲಕ ಫೋನಿನ ‘ನಭಮಿತ್ರ’ ಆ್ಯಪ್‌ಗೆ ಬರುತ್ತವೆ, ಅಪಾಯದ ಕರೆ ಹೋಗುತ್ತದೆ. ಎರಡು ಮೈಲು ದೂರದಲ್ಲಿ ನೇರ ಬರುತ್ತಿರುವ ಹಡಗಿಗೆ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ. ಎಐಎಸ್ ಪಕ್ಕದವರೊಂದಿಗೆ ಮಾತಾಡುವ ಯಂತ್ರ, ಇಸ್ರೊದ್ದು ಮನೆಯೊಂದಿಗೆ ಮಾತಾಡುವ ಯಂತ್ರ. ಮನೆಯೊಂದಿಗೆ ಮಾತಾಡುವುದರ ಬೆಲೆ ಎಷ್ಟೆಂದು ಮಲ್ಪೆಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರೊಂದಿಗೆ ಕಾಣೆಯಾದ ‘ಸುವರ್ಣ ತ್ರಿಭುಜ’ ಬೋಟಿನ ಅವಶೇಷ ಮಾಲ್ವಣದ ಆಚೆ ಕಡಲತಳದಲ್ಲಿ ಪತ್ತೆಯಾಗುವ ಹೊತ್ತಿಗೆ 2019ರ ಮೇ ತಿಂಗಳು ಬಂದಿತ್ತು. ಕೊನೆಯ ಜಾಗ ಯಾವುದೆಂದು ನಿಖರವಾಗಿ ತಿಳಿದಿದ್ದರೆ ಹುಡುಕಾಟದ ಕಡಲು ಅಷ್ಟು ವಿಶಾಲವಾಗಿರುತ್ತಿರಲಿಲ್ಲ, ಏಳು ಮನೆಗಳು ಅಷ್ಟು ತಿಂಗಳು ಕಾಯಬೇಕಾಗುತ್ತಿರಲಿಲ್ಲ. ಎರಡೂ ಯಂತ್ರ ಬೇಕು ಎನ್ನುವುದು ಇದಕ್ಕಾಗಿ.

ತಾಂಡೇಲರು ಎತ್ತುವ ಇನ್ನೊಂದು ಆಕ್ಷೇಪ ಮೀನಿನ ಜಾಗದ ಗುಟ್ಟಿನದು. ಎಐಎಸ್ ಸಾರಿದ್ದನ್ನು ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು, ಆದ್ದರಿಂದ ಒಳ್ಳೆಯ ಮೀನು ಬಿದ್ದ ಜಾಗ ಬಯಲಾಗುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಸಾರುವುದನ್ನು ನಿಲ್ಲಿಸಿ ಕೇಳುವುದನ್ನು ಮಾತ್ರ ಇಟ್ಟುಕೊಳ್ಳುವ ಸ್ವಿಚ್ಚಿದೆ. 20 ಮೀಟರ್ ದಾಟಿದ ಬೋಟಿಗೆ ಅದನ್ನು ಬಳಸುವ ಸ್ವಾತಂತ್ರ್ಯವಿಲ್ಲ. ಚಿಕ್ಕ ಬೋಟಿನವರು ಹಗಲಲ್ಲಿ, ಬೋಟುಗಳ ನಡುವೆ ಇರುವಾಗ ಬಳಸಿದರೆ ಅರ್ಥಮಾಡಿಕೊಳ್ಳಬಹುದು. ಹಡಗಿನ ದಾರಿಯಲ್ಲಿ ರಾತ್ರಿ ಹೊತ್ತು ಅದನ್ನು ಆರಿಸಿಟ್ಟು ಕಾಪಾಡುವಷ್ಟು ಬೆಲೆಬಾಳುವ ಮೀನು ಯಾವುದೂ ಇಲ್ಲ.

ಪೆಟ್ಟಿಗೆಗೆ ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಯ ಗುರುತು ಸಂಖ್ಯೆ ತುಂಬಬೇಕು. ಸರ್ಕಾರದಿಂದ ಪಡೆಯುವ ಭಾರತದ ಸಂಖ್ಯೆಗಳು 419ರಿಂದ ಶುರುವಾಗುತ್ತವೆ. ಕ್ಲಾಸ್ ಬಿಯಲ್ಲಿ ಬಳಕೆದಾರ ಇದನ್ನು ಒಮ್ಮೆ ಮಾತ್ರ ತುಂಬಬಹುದು, ತಿದ್ದಲು ತಯಾರಕರ ಕೈಗೇ ಹೋಗಬೇಕು. ಆದ್ದರಿಂದ ಪತ್ರ ಎದುರಿಗಿಟ್ಟುಕೊಂಡು, ಇಬ್ಬರು ಓದಿ ತಾಳೆ ನೋಡಿ ತುಂಬುವುದು ಒಳ್ಳೆಯದು. ಬೋಟು ಮಾರಿದಾಗ ಪೆಟ್ಟಿಗೆಯನ್ನು ಕಿತ್ತು ಬೇರೆ ಬೋಟಿಗೆ ಹಾಕಿದರೆ ಹಳೆಯ ಗುರುತೇ ಹೊಸ ಬೋಟಿನಿಂದ ಸಾರತೊಡಗುತ್ತದೆ, ಅಪಾಯದ ಹೊತ್ತಲ್ಲಿ ಕೋಸ್ಟ್ ಗಾರ್ಡ್ ತಪ್ಪು ಬೋಟನ್ನು ಹುಡುಕುತ್ತದೆ.

ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ. ಬೋಟು ಮೇಲೆ ಬಂದಿರುತ್ತದೆ, ಕಂಬ ಹತ್ತಲು ಅಡ್ಡಿಯಿಲ್ಲ. ಜೋಡಿಸಿದ ಮೇಲೆ ಪೆಟ್ಟಿಗೆಯ ದೀಪ ಹಸಿರಾಯಿತೆಂದು ಸುಮ್ಮನಾಗದೆ, ಎಐಎಸ್ ಇರುವ ಇನ್ನೊಂದು ಬೋಟಿನ ಪರದೆಯಲ್ಲಿ ತನ್ನ ಹೆಸರು, ಉದ್ದ, ಬೋಟಿನ ಬಗೆ ಸರಿಯಾಗಿ ಮೂಡುತ್ತಿದೆಯೇ ನೋಡಬೇಕು. ಋತು ಶುರುವಾದ ಮೇಲೆ ಎರಡು ಬೋಟುಗಳು ಜೊತೆಯಾಗಿ ಹೊರಟು, ಎಷ್ಟು ಮೈಲಿನಲ್ಲಿ ಒಂದಕ್ಕೊಂದು ಕಾಣದಂತಾಗುತ್ತವೆ ಎಂದು ಬರೆದಿಟ್ಟುಕೊಳ್ಳಬೇಕು. ಮುಂದಿನ ವರ್ಷ ಆ ಅಂಕಿ ಕಡಿಮೆಯಾಗಿದ್ದರೆ ಪೆಟ್ಟಿಗೆ ಬಿಚ್ಚುವ ಮೊದಲು ಕಂಬದ ತುದಿಯ ಕನೆಕ್ಟರ್ ಬಿಚ್ಚಿ ನೋಡಬೇಕು.